ಹಿಡಿಕೆಯದ್ದೋ, ಬರೀ ಬಟನ್ನಿನದ್ದೋ

ಸುಕನ್ಯಾ,

ಮಲ್ಲಂದೂರಿಗೆಲ್ಲ ಫೈಟಿಂಗ್ ಗೇಮಿನಲ್ಲಿ ಎದುರಾಳಿಯೇ ಇಲ್ಲದ ವೀರ, ನಿನ್ನ ಅಣ್ಣ ಅನಿಲ, ಚಿಕ್ಕಮಗಳೂರಿಗೆ ಹೊರಟಿದ್ದಾನೆ. ನಾಲ್ಕು ಗಂಟೆಗೆ ವಸ್ತಾರೆಯಿಂದ ವಿವೇಕ ಬರುತ್ತಾನೆ. ಆಡಿ ನೋಡಲು ಕೊಟ್ಟಿದ್ದ ಎರಡು ಕಂಟ್ರೋಲರಿನಲ್ಲಿ, ಹಿಡಿಕೆಯದ್ದೋ ಬರೀ ಬಟನ್ನಿನದ್ದೋ, ಒಂದನ್ನು ವಾಪಸ್ ಒಯ್ಯುತ್ತಾನೆ. ಉಳಿದದ್ದರಲ್ಲೇ ನೀನು ಭಾನುವಾರದ ಪಂದ್ಯ ಆಡಬೇಕು, ನೋಡಿ ಆರಿಸು.

ಆಟದ ಆಳನ್ನು ಅತ್ತಿತ್ತ ಓಡಿಸುವ ಹಿಡಿಕೆಯಿರುವುದನ್ನು ಅಣ್ಣ ಹಿಡಿದರೆ ಟಿವಿಯೇ ನಡುಗುತ್ತದೆ, ಅದು ಲೋಕಕ್ಕೇ ಗೊತ್ತು. ಆದರೆ ನಿನ್ನೆ ನೀನು ಟ್ಯೂಶನ್ನಿಗೆ ಹೋಗಿದ್ದಾಗ ಅಮ್ಮ, "ಇದಕ್ಕೆ ಹಿಡಿಕೆನೇ ಇಲ್ವಲ್ಲ ಮಾರಾಯ, ಹೆಂಗೆ ಆಡೋದು?" ಅಂತ ಬರೀ ಬಟನ್ನಿನದ್ದನ್ನು ಮಡಿಲಿಗೆ ಎಳೆದುಕೊಂಡಳು. ಕಾಫಿ ಹಣ್ಣು ಕೊಯ್ಯುವ ಹಾಗೆ ಹತ್ತೂ ಬೆರಳು ಓಡಿದವು. ಏಳು ಆಟ. ಏಳರಲ್ಲೂ ನೆಲಕಚ್ಚಿದ್ದು ಅಣ್ಣ!

ನಿನ್ನ ಬೆರಳೂ ಅಮ್ಮನವೇ. ಹಾಗೇ ಓಡುತ್ತವಾ ಅಂತ ಅಣ್ಣನಿಗೆ ತಡೆಯಲಾರದ ಕುತೂಹಲ. ಅಮ್ಮನಿಗೆ ಇವತ್ತು ರಜೆ, ಪಕ್ಕ ಕೂರಿಸಿಕೊಂಡು ಎರಡರಲ್ಲೂ ಆಡು. ಮೊದಲು ಸಾರು ಬಿಸಿ ಮಾಡಿಕೊಂಡು ಊಟ ಮಾಡು. ಎಂಜಲು ಕೈಯಲ್ಲಿ ಬಟನ್ ಮುಟ್ಟಿದರೆ ನೋಡು!

ವಾಪಸ್ ಹೋಗುವುದು ಹಿಡಿಕೆಯದ್ದೇ ಆಗಿ, ವಿವೇಕ ಯಾಕೆ ಅಂತ ಕೇಳಿದರೆ, "ನಮ್ಮಣ್ಣನ ಹೊಡೆತ ಅದು ತಡೆಯಲ್ಲ" ಅನ್ನು. ಅಮ್ಮನ ಹೆಸರು ಮಾತ್ರ ಎತ್ತಬೇಡ.

— ಅನಿಲ