ಮಳೆಗೆ ಮಾತಾಡುವ ಕಂಬ

ಜೂನ್ ೧೪, ಶನಿವಾರ

ಕಾರ್ಕಳದ ನಮ್ಮ ಬಟ್ಟೆ ಅಂಗಡಿಯ ಕಬ್ಬಿಣದ ಕಂಬ ಕಳೆದ ಮಳೆಗಾಲದಿಂದ ಮೌನವಾಗಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ. ಕಂಬ ಹಡಗಿನಲ್ಲಿ ಬಂದದ್ದಂತೆ. ಮಳೆ ಬಂದಾಗ ಅದರೊಳಗೆ ದೈವ ಮಾತಾಡುತ್ತದೆಂದು ಅತ್ತೆ ದೀಪ ಇಡುತ್ತಾರೆ. ದೈವ ಮುನಿಯಿತೆಂದು ನಾನೂ ಹೆದರಿದ್ದೆ.

ಇವತ್ತು ಹಳೆ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಇಂಜಿನಿಯರ್ ಅನ್ವಿತಾ ಹೆಂಚಿನ ಮಾಡಿಗೆ ಹತ್ತಿದಳು. ಸೋರುತ್ತದೆಂದು ಕಳೆದ ವರ್ಷ ನಾವೇ ಕಂಬದ ತಲೆಯ ತೂತಿಗೆ ಮೆತ್ತಿಸಿದ್ದ ಸಿಮೆಂಟನ್ನು ಒಡೆಸಿದಳು. ನಮಗೆ ಬುದ್ಧಿ ಎಲ್ಲಿತ್ತೋ!

"ಕಂಬದ ಒಳಗೆ ಟೊಳ್ಳು ಉಂಟು ಆಂಟಿ. ಮಾಡಿನ ನೀರು ಇದರಲ್ಲೇ ಇಳಿದು ಬಾವಿಗೆ ಹೋಗುವುದು."

ಇಡೀ ಮಾಳಿಗೆಯನ್ನು ಹೊತ್ತ ಕಂಬ ಮಳೆಯನ್ನೂ ಹೊರುತ್ತದೆ! ಯಾರಿಗೆ ಹೊಳೆಯಿತೋ ಇದು.

ಸಂಜೆ ಮಳೆ ಬಂತು. ಕಂಬಕ್ಕೆ ಕಿವಿಯಿಟ್ಟೆ. ಆಳದಲ್ಲಿ ಯಾರೋ ಗುನುಗಿದಂತೆ ಕೇಳಿ ಮೈ ಜುಮ್ಮೆಂದಿತು. ಅತ್ತೆ ದೀಪ ತಂದರು.

"ಅತ್ತೆ, ಅದು ಬರೀ ನೀರಂತೆ."

"ನೀರಿಗೆ ದೀಪ ಇಡಬಾರದು ಅಂತ ಉಂಟಾ?"

ನಾನು ಗಾಳಿಗೆ ಕೈ ಅಡ್ಡ ಹಿಡಿದೆ.