ಲಕ್ಷ್ಮೀಬಾಯಿಯವರ ಕೈಯಲ್ಲಿ ಕಳಿಸಿದ ಕಾಗದ

ಮಸ್ಕತ್
12 ಜೂನ್ 2024, ಬುಧವಾರ

ಯಲ್ಲಕ್ಕನಿಗೆ ತಮ್ಮನ ಹೆಂಡತಿ ಗಂಗೋತ್ರಿಯ ನಮಸ್ಕಾರ.

ಮುಟ್ಟಿದ ಮೇಲೆ ವಿವರವಾಗಿ ಬರೆಯುತ್ತೇನೆ ಎಂದು ಹೇಳಿ ಬಂದವಳು ಇಷ್ಟು ತಡ ಮಾಡಿದೆ. ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನೀವು ಕೇಳಿದಾಗಲೆಲ್ಲ ಆರಾಮಿದ್ದೇನೆ ಎಂದಷ್ಟೇ ಹೇಳಿದೆ. ಉಳಿದದ್ದು ಬಾಯಿಗೆ ಬರಲಿಲ್ಲ.

ದೇವಿಕಾಳ ಮನೆ ಸಣ್ಣದು, ಮೂರನೇ ಮಹಡಿ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕಾಯಿಸಿದಂಥ ನೀರು ಬರುತ್ತದೆ, ಬೆಳಿಗ್ಗೆಯೇ ಬಕೆಟ್ ತುಂಬಿಟ್ಟುಕೊಳ್ಳುತ್ತೇನೆ. ಯಶವಂತನಗರದಲ್ಲಿ ಕೆಂಪು ಧೂಳನ್ನು ಬೈಯುತ್ತಲೇ ಬಟ್ಟೆ ಒಗೆದವಳು ನಾನು. ಇಲ್ಲಿ ಬಿಳಿ ಟವೆಲ್ ಬಿಳಿಯಾಗಿಯೇ ಒಣಗುತ್ತದೆ, ಯಾರದೋ ಮನೆಯ ಬಟ್ಟೆ ಅನ್ನಿಸುತ್ತದೆ. ಮಗಳು ಆಸ್ಪತ್ರೆಯ ಡ್ಯೂಟಿಗೆ ಹೋದರೆ ಮಾತಿಗೆ ಯಾರೂ ಇಲ್ಲ.

ಬಂದ ಹೊಸದರಲ್ಲಿ ಒಂದು ದಿನ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಬೆಲ್ ಆಯಿತು. ಸಪ್ಪಳಕ್ಕೆ ಕೆಳಗಿನ ಮನೆಯವರು ಜಗಳಕ್ಕೆ ಬಂದರೆಂದು ಹೆದರಿ ಬಾಗಿಲು ತೆಗೆದೆ.

“ರೊಟ್ಟಿ ಬಡಿಯೋ ಸಪ್ಳ ಕೇಳಿ ತಡಿಯಾಕಾಗ್ಲಿಲ್ರಿ. ನಾ ಲಕ್ಷ್ಮೀಬಾಯಿ, ಹೊಸಪ್ಯಾಟಿಯಾಕಿ. ಒಂದ್ ರೊಟ್ಟಿ ಸಿಗ್ತದೇನ್ರಿ?”

ಹೋದ ವರ್ಷ ನಿಮ್ಮ ತಮ್ಮ ತೀರಿಕೊಂಡ ಮೇಲೆ ನನ್ನ ಬಾಗಿಲಿಗೆ ನಗುತ್ತಾ ಬಂದವರು ಇವರೊಬ್ಬರೇ. ಉಳಿದವರೆಲ್ಲ ಮುಖ ಸಣ್ಣ ಮಾಡಿಕೊಂಡೇ ಬರುತ್ತಿದ್ದರು. ಹೊಸ ಊರಲ್ಲಿ ಹಣೆ ಬೋಳು ಬೇಡವೆಂದು ದೇವಿಕಾ ನನಗೆ ಟಿಕಳಿ ಹಚ್ಚಿದ್ದಳು. ಅದನ್ನು ನೋಡಿಯೇ ಇರಬೇಕು, ರೊಟ್ಟಿ ತಿನ್ನುತ್ತಾ, “ಯಜಮಾನ್ರು ಊರಾಗ ಏನ್ ಮಾಡ್ತಾರ್ರಿ?” ಎಂದರು. ನಿಜ ಹೇಳಿದರೆ ಈ ಮುಖವೂ ಸಣ್ಣದಾಗುತ್ತದಲ್ಲ ಎನಿಸಿತು. “ಅದಿರಿನ ಲಾರಿ ಓಡಸ್ತಾರ್ರಿ” ಎಂದುಬಿಟ್ಟೆ. ಹೊರಡುವಾಗ ಎದುರಿಗೇ ಇರುವ ತಮ್ಮ ಮನೆಗೆ ಕರೆದೊಯ್ದು ಕುಂಕುಮ ಹಚ್ಚಿದರು. ಹಣೆ ಒಡ್ಡಿದೆ.

ಆಮೇಲೆ ಬಂದಾಗೆಲ್ಲ ಕೇಳತೊಡಗಿದರು. ಲಾರಿ ಸಂಡೂರಿನಲ್ಲಿ ರಿಪೇರಿಗೆ ನಿಂತಿದೆ, ಮೆಣಸಿನಕಾಯಿ ಬಜ್ಜಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾರೆ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಮೇಲೆ ಸಿಟ್ಟೇ ಬಂತು ಅಕ್ಕ, ಬೇಡವೆಂದರೂ ಬಜ್ಜಿ ಯಾಕೆ ತಿನ್ನಬೇಕಿತ್ತು ಎಂದು.

ಬಜ್ಜಿಯ ಮಾತು ನಡೆದಿದ್ದಾಗಲೇ ದೇವಿಕಾ ಡ್ಯೂಟಿಯಿಂದ ಬಂದಳು. ಲಕ್ಷ್ಮೀಬಾಯಿ ತಿರುಗಿ, “ಅಪ್ಪನ ಹೊಟ್ಟಿ ಈಗ ಹ್ಯಾಂಗದವಾ?” ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. “ಕಡಿಮಿ ಆಗೇತ್ರಿ ಆಂಟಿ” ಎಂದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಅವಳಿಗೆ ಊಟ ಬಡಿಸುವಾಗ ತಲೆ ಎತ್ತಲಾಗುತ್ತಿಲ್ಲ.

ಈಗ ಶುಕ್ರವಾರ ಲಕ್ಷ್ಮೀಬಾಯಿ ರಜೆಗೆ ಊರಿಗೆ ಹೊರಟಿದ್ದಾರೆ. “ಯಜಮಾನ್ರಿಗೆ ಏನರ ಕೊಡ್ರಿ, ನಾನ ಹೋಗಿ ಕೊಟ್ಟ್ ಬರ್ತೀನಿ. ಹೆಂಡ್ತಿ ಇಲ್ಲದಾಗ ಏನ್ ಆಟ ನಡಸ್ಯಾರ ನೋಡೇ ಬರ್ತೀನಿ” ಎಂದು ನಕ್ಕರು. ಅವರು ಲಾರಿ ಮೇಲೆ ಇರುತ್ತಾರೆ, ಬಂಡ್ರಿಯಲ್ಲಿ ಅವರ ಅಕ್ಕನ ಕೈಗೆ ಕೊಡಿ ಎಂದು ಇನ್ನೊಂದು ಸುಳ್ಳು ಹೇಳಿದೆ. ನಿಜ ಹೇಳಬೇಕೆಂದು ಅವರ ಬಾಗಿಲ ತನಕ ಹೋಗಿ ಹೋಗಿ ವಾಪಸ್ ಬಂದೆ. ಖರ್ಜೂರದ ಚೀಲದಲ್ಲಿ ಈ ಕಾಗದ ನಿಮಗೆ ಸಿಕ್ಕಿತೆಂದರೆ, ನಾನು ಕೊನೆಗೂ ಹೇಳಲಿಲ್ಲ ಎಂದು ತಿಳಿಯಿರಿ.

ಅವರನ್ನು ಕೂರಿಸಿ, ನೀರು ಕೊಟ್ಟು, ಇದನ್ನು ಓದಿ ನೀವೇ ಹೇಳಿಬಿಡಿ. ಎತ್ತಿ ಆಡಿಸಿದ ತಮ್ಮನ ಸಾವನ್ನು ನಿಮ್ಮ ಬಾಯಿಂದ ಹೇಳಿಸುತ್ತಿದ್ದೇನೆ, ಇದಕ್ಕಿಂತ ನಾಚಿಕೆ ಬೇರೆ ಇಲ್ಲ. ಕುಂಕುಮ ಕೊಟ್ಟೆನಲ್ಲ ಎಂದು ಅವರು ನೊಂದುಕೊಂಡರೆ, ಗಂಗೋತ್ರಿ ಮೋಸಗಾತಿ ಅಲ್ಲ ಎಂದಷ್ಟು ಹೇಳಿ, ಮನಸ್ಸು ಬಂದರೆ.

ಖರ್ಜೂರ ನಿಮಗೇ. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ಬಿಡಬೇಡಿ. ನಿಮ್ಮ ಆಶೀರ್ವಾದ ದೇವಿಕಾಳ ಮೇಲಾದರೂ ಇರಲಿ.

ನಿಮ್ಮ
ಗಂಗೋತ್ರಿ

ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ: ಲಕ್ಷ್ಮೀಬಾಯಿ ಮನೆಯೊಳಗೆಲ್ಲ ಓಡಾಡತೊಡಗಿದಾಗ, ಮಲಗುವ ಕೋಣೆಯಲ್ಲಿರುವ ನಿಮ್ಮ ತಮ್ಮನ ಫೋಟೋದ ಹಾರ ತೆಗೆದಿಟ್ಟೆ. ಹಾರವಿಲ್ಲದೆ ಅವರು ಈಗಷ್ಟೇ ಡ್ಯೂಟಿಗೆ ಹೊರಟವರ ಹಾಗೆ ಕಾಣುತ್ತಾರೆ. ಇವತ್ತು ಚೀಲ ಕಟ್ಟುವಾಗ ದೇವಿಕಾ, “ಹೆಂಗೂ ಅವರಿಗೆ ಗೊತ್ತಾಗ್ತತಲ್ಲವ್ವ, ಹಾರ ಹಾಕ್ಲೇನು?” ಎಂದು ಕೇಳಿದಳು.

“ಆಂಟಿ ತಿರುಗಿ ಬರೋ ತನಕ ಇರ್ಲಿ ಬಿಡವ್ವ” ಎಂದೆ.