ಬಾಗಿಲಾಚೆಯ ಕೆಮ್ಮು

ಅಪ್ಪಾ,

ನಿನ್ನ ಕೆಮ್ಮಿಗೆಂದು ನಾನು ಬಲವಂತವಾಗಿ ಕುಡಿಸುತ್ತಿದ್ದ ಔಷಧಿಯ ಬಾಟಲಿ ಹೊಲಿಗೆ ಅಂಗಡಿಯ ಕಿಟಕಿಯಲ್ಲಿ ಇನ್ನೂ ಇತ್ತು. ಮುಖ ಹುಳ್ಳಗೆ ಮಾಡಿಕೊಂಡು ಕುಡಿದೆಯೇ ಹೊರತು ಒಂದು ಮಾತು ಹೇಳಲಿಲ್ಲವಲ್ಲ ನೀನು!

ನೀನು ಹೋದಮೇಲೆ ಅಂಗಡಿ ನನ್ನ ಕೈಗೆ ಬಂತು. ಕೆಲಸದವರಲ್ಲಿ ಯಾರು ಏನು ಮಾಡುತ್ತಿದ್ದಾರೋ ನೋಡೋಣವೆಂದು ದಿನವೂ ಬೆಕ್ಕಿನ ಹಾಗೆ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದೆ. ನಾನು ಕಾಲಿಟ್ಟೊಡನೆ ನಗು ನಿಲ್ಲುತ್ತಿತ್ತು, ಹೊಲಿಯುವಾಗ ಕೆಟ್ಟ ಬಟ್ಟೆ ಮೇಜಿನಡಿ ಸೇರುತ್ತಿತ್ತು. ಅದನ್ನು ಗೌರವ ಎಂದುಕೊಂಡಿದ್ದೆ.

ಇವತ್ತು ಬಾಗಿಲಾಚೆ ನಿಂತಾಗ ಒಳಗಿನ ನಗು ಕೇಳಿಸಿತು. ಮನೆಯಲ್ಲಿ ನೀನು ಎಂದೂ ಕೆಮ್ಮಿದವನಲ್ಲ, ಒಳಗಿನವರಿಗೆ ಸುಳಿವು ಕೊಡಲೆಂದು ಈ ಬಾಗಿಲಲ್ಲಿ ಮಾತ್ರ ಕೆಮ್ಮುತ್ತಿದ್ದೆ ಎಂಬುದು ಆಗ ಹೊಳೆಯಿತು. ನಾನೂ ಜೋರಾಗಿ ಕೆಮ್ಮಿ, ಒಂದು ಗಳಿಗೆ ಬಿಟ್ಟು ಒಳಗೆ ಹೋದೆ.

ನಗು ನಿಂತಿರಲಿಲ್ಲ. ಕಟಿಂಗ್ ಮಾಸ್ಟರ್ ತಾವಾಗಿಯೇ ಎದ್ದು ಬಂದರು.

"ಈ ತೋಳು ಗಿಡ್ಡ ಕತ್ತರಿಸಿಬಿಟ್ಟೆ ಕಣಮ್ಮ. ಏನ್ ಮಾಡೋಣ?"

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಮ್ಮೆ ಕೆಮ್ಮಿದೆ.

"ತುದಿಗೆ ಅಗಲದ ಪಟ್ಟಿ ಕೂರಿಸಿದ್ರೆ ಉದ್ದ ಸರಿಹೋಗುತ್ತಾ, ನೋಡೋಣ ಬನ್ನಿ."

ಅವರು ನಕ್ಕುಬಿಟ್ಟರು. "ಅಪ್ಪನ ಕೆಮ್ಮು ನಿನಗೂ ಅಂಟಿಕೊಂಡ್ತಲ್ಲ!"

ಬಾಟಲಿಯನ್ನು ಸಂಜೆ ಎಸೆದೆ, ಅಪ್ಪಾ. ಈ ಕೆಮ್ಮು ವಾಸಿಯಾಗುವುದು ಬೇಡ.

ನಿನ್ನ ಮಗಳು